ಅಂಚೆಚೀಟಿಯಲ್ಲಿ ಹಳ್ಳಿಯ ಹೆಣ್ಣು: ಉಡುಗೆ ಬಂತು, ಹೆಸರು ತಡವಾಯಿತು

1955ರ ಜನವರಿ 26ರಂದು ಭಾರತದ ಅಂಚೆ ಇಲಾಖೆ ನಿತ್ಯಬಳಕೆಗೆಂದು ಹೊಸ ಅಂಚೆಚೀಟಿಗಳ ಸರಣಿಯೊಂದನ್ನು ಹೊರತಂದಿತು. ಮೊದಲ ಪಂಚವಾರ್ಷಿಕ ಯೋಜನೆ ನಡೆಯುತ್ತಿದ್ದ ಕಾಲ ಅದು. ಹಿಂದಿನ ಸರಣಿಯಲ್ಲಿದ್ದ ದೇವಾಲಯ, ಗುಮ್ಮಟ, ಕೋಟೆಗಳು ಹೋಗಿ ಟ್ರ್ಯಾಕ್ಟರು, ವಿದ್ಯುತ್ ಮಗ್ಗ, ದಾಮೋದರ ಕಣಿವೆಯ ಅಣೆಕಟ್ಟು, ಚಿತ್ತರಂಜನ್‌ನ ರೈಲು ಎಂಜಿನ್ ಕಾರ್ಖಾನೆ, ಸಿಂದ್ರಿಯ ಗೊಬ್ಬರದ ಕಾರ್ಖಾನೆ ಬಂದವು. ಬೆಂಗಳೂರಿನ ವಿಮಾನ ಕಾರ್ಖಾನೆಗೂ 12 ಆಣೆಯ ಚೀಟಿಯಲ್ಲಿ ಜಾಗ ಸಿಕ್ಕಿತು. ಈ ಯಂತ್ರಗಳ ಸಾಲಿನ ನಡುವೆ ಇಬ್ಬರು ಹೆಂಗಸರೂ ಇದ್ದರು. 2 ಆಣೆಯ ಚೀಟಿಯಲ್ಲಿ ಚರಕದ ಮುಂದೆ ಕುಳಿತು ನೂಲುವವಳು ಒಬ್ಬಳು, 3 ಆಣೆಯ ಚೀಟಿಯಲ್ಲಿ ಕೈಮಗ್ಗದಲ್ಲಿ ನೇಯುತ್ತಿರುವ ನಾಗಾ ಹೆಣ್ಣು ಇನ್ನೊಬ್ಬಳು.

ಸ್ವತಂತ್ರ ಭಾರತದ ನಿತ್ಯಬಳಕೆಯ ಚೀಟಿಗಳಲ್ಲಿ ದುಡಿಯುವ ಹಳ್ಳಿಯ ಹೆಣ್ಣು ಮೊದಲು ಕಾಣಿಸಿಕೊಂಡದ್ದು ಹೀಗೆ. ಕಾರ್ಖಾನೆಗಳಿಗೆಲ್ಲ ಹೆಸರಿತ್ತು, ಊರಿತ್ತು. ಈ ಇಬ್ಬರಿಗೆ ಹೆಸರಿರಲಿಲ್ಲ. ಇದರಲ್ಲಿ ಆಗ ಯಾರಿಗೂ ವಿಶೇಷ ಕಂಡಿರಲಾರದು. ಆದರೆ ಮುಂದಿನ ನಾಲ್ಕು ದಶಕಗಳ ಚೀಟಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ ಇದೊಂದು ರೂಢಿಯೇ ಆಗಿ ಬೆಳೆದದ್ದು ತಿಳಿಯುತ್ತದೆ. ಹಳ್ಳಿಯ ಹೆಣ್ಣಿಗೆ ಚೀಟಿಯಲ್ಲಿ ಸೀರೆ, ಒಡವೆ, ಕಸುಬು, ಪ್ರಾಂತ್ಯ, ಬುಡಕಟ್ಟು ಎಲ್ಲವೂ ಸಿಕ್ಕಿತು. ಹೆಸರು ಮಾತ್ರ ಸಿಗುವುದಕ್ಕೆ ಬಹಳ ಕಾಲ ಹಿಡಿಯಿತು.

ಹಾಗೆ ನೋಡಿದರೆ ಭಾರತದ ಅಂಚೆಚೀಟಿಯ ಇತಿಹಾಸ ಆರಂಭವಾಗುವುದೇ ಹೆಣ್ಣಿನ ಮುಖದಿಂದ. 1854ರ ಅಕ್ಟೋಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಚೀಟಿಗಳು ಬಂದಾಗ ಅವುಗಳ ಮೇಲಿದ್ದದ್ದು ವಿಕ್ಟೋರಿಯಾ ರಾಣಿಯ ತಲೆ. ಆಕೆ ಬದುಕಿರುವವರೆಗೂ ಅದೇ ಮುಖ. ಅನಂತರ ಎಡ್ವರ್ಡ್, ಜಾರ್ಜ್ ದೊರೆಗಳು ಬಂದರು. 1937ರಲ್ಲಿ ಆರನೆಯ ಜಾರ್ಜ್ ಕಾಲದ ಸರಣಿಯೊಂದು ಟಪಾಲು ಸಾಗಿಸುವ ಬಗೆಗಳನ್ನು ತೋರಿಸಿತು: ಓಡುವ ಹರಿಕಾರ, ಎತ್ತಿನಗಾಡಿ, ಟಾಂಗಾ, ಒಂಟೆ, ರೈಲು, ಹಡಗು, ಲಾರಿ, ವಿಮಾನ. ಸೊಗಸಾದ ಸರಣಿ ಅದು. ಹೆಂಗಸಿಗೆ ಅದರಲ್ಲಿ ಕೆಲಸವಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಚೀಟಿಯಲ್ಲಿ ಕಂಡ ಮೊದಲ ಭಾರತೀಯ ಹೆಣ್ಣು ಮೀರಾಬಾಯಿ. 1952ರ ಅಕ್ಟೋಬರ್ 1ರಂದು ಸಂತರು ಮತ್ತು ಕವಿಗಳ ಸರಣಿಯಲ್ಲಿ ಕಬೀರ, ತುಳಸೀದಾಸ, ಸೂರದಾಸ, ಗಾಲಿಬ್, ರವೀಂದ್ರನಾಥ ಟಾಗೋರರ ಜೊತೆ ಆಕೆಗೂ 2 ಆಣೆಯ ಚೀಟಿ ಬಂತು. ಅರಮನೆ ಬಿಟ್ಟು ಬೀದಿಗೆ ಬಂದು ಹಾಡಿದವಳಾದರೂ ಹುಟ್ಟಿನಿಂದ ರಾಜಕುಮಾರಿ.

1955ರ ಚರಕದ ಹೆಣ್ಣು ಬಂದ ದಾರಿ ಬೇರೆ. ಆಕೆ ಗಾಂಧೀಯುಗದ ಕೊಡುಗೆ. ಚರಕವನ್ನು ಸ್ವರಾಜ್ಯದ ಲಾಂಛನ ಮಾಡಿದವರು ಗಾಂಧೀಜಿಯಾದರೂ ದಿನವಿಡೀ ಕುಳಿತು ನೂತವರಲ್ಲಿ ಹೆಚ್ಚಿನವರು ಹಳ್ಳಿಯ ಬಡ ಹೆಂಗಸರು. ನಮ್ಮಲ್ಲೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಗಾಂಧೀಜಿಯ ಕಾಲದಲ್ಲೇ ಆರಂಭವಾದ ಖಾದಿ ಕೇಂದ್ರದಲ್ಲಿ ರಾಟೆ ತಿರುಗಿಸಿದವರು ಇಂಥವರೇ. 1955ರ ಚೀಟಿಯ ಹೆಂಗಸು ಯಾವ ಊರಿನವಳು ಬೇಕಾದರೂ ಆಗಬಹುದಿತ್ತು. ಚಿತ್ರಕಾರನ ಉದ್ದೇಶವೂ ಅದೇ ಇದ್ದಿರಬೇಕು. ಒಂದು ಕಡೆ ಅಣೆಕಟ್ಟು, ಇನ್ನೊಂದು ಕಡೆ ಚರಕ. ನೆಹರೂ ಮತ್ತು ಗಾಂಧಿ ಇಬ್ಬರನ್ನೂ ಒಂದೇ ಸರಣಿಯಲ್ಲಿ ಸಮಾಧಾನಪಡಿಸಿದಂತೆ.

ನಾಗಾ ನೇಯ್ಗೆಯ ಚೀಟಿಯ ಕಥೆ ಇಷ್ಟು ಸರಳವಲ್ಲ. ನಾಗಾ ಜನರಲ್ಲಿ ನೇಯುವುದು ಹೆಂಗಸರ ಕೆಲಸ. ಮಗ್ಗದ ಒಂದು ತುದಿಯನ್ನು ಗೋಡೆಗೋ ಕಂಬಕ್ಕೋ ಬಿಗಿದು, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ನೆಲದ ಮೇಲೆ ಕುಳಿತು ಮೈಯನ್ನೇ ಮಗ್ಗದ ಭಾಗ ಮಾಡಿಕೊಂಡು ನೇಯುತ್ತಾರೆ. ಯಾವ ಶಾಲು ಯಾವ ಪಂಗಡದ್ದು, ಹೊದೆಯುವವನ ಸ್ಥಾನ ಯಾವುದು ಎನ್ನುವುದನ್ನು ಬಣ್ಣ, ಗೆರೆಗಳೇ ಹೇಳುತ್ತವೆ. ಈ ಚೀಟಿ ಬಂದ ವರ್ಷಗಳಲ್ಲಿ ನಾಗಾ ಬೆಟ್ಟಗಳು ಶಾಂತವಾಗಿರಲಿಲ್ಲ. ಪ್ರತ್ಯೇಕತೆಯ ಕೂಗು ಬಂಡಾಯವಾಗಿ ಬೆಳೆದು, 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರದ ಕಾಯಿದೆ ಜಾರಿಗೆ ಬಂತು. ದೇಶದ ಅಂಚಿನ ಒಂದು ಜನಾಂಗವನ್ನು ಲಕೋಟೆಯ ಮೇಲೆ ಎಲ್ಲರ ಮನೆಗೆ ತಲುಪಿಸುವ ಸದುದ್ದೇಶ ಅಂಚೆ ಇಲಾಖೆಗೆ ಇದ್ದಿರಬಹುದು. ಅದಕ್ಕೆ ಆರಿಸಿಕೊಂಡದ್ದು ನೇಯುವ ಹೆಣ್ಣನ್ನು. ಆ ಹೊತ್ತಿಗೆ ದೇಶಕ್ಕೆ ಹೆಸರಿನಿಂದಲೇ ಗೊತ್ತಿದ್ದ ನಾಗಾ ಹೆಣ್ಣೊಬ್ಬಳು ಇದ್ದಳು, ಬದುಕಿಯೂ ಇದ್ದಳು. ಆಕೆಯ ಸರದಿ ಬರಲು ಇನ್ನೂ 41 ವರ್ಷ ಕಾಯಬೇಕಿತ್ತು. ಆ ಮಾತು ಮುಂದೆ ಬರುತ್ತದೆ.

ಅರುವತ್ತರ ದಶಕದ ನಿತ್ಯಬಳಕೆಯ ಸರಣಿ ಹಲವರಿಗೆ ಈಗಲೂ ನೆನಪಿರಬಹುದು. 2 ಪೈಸೆಗೆ ಬೀದರಿನ ಬಿದ್ರಿ ಹೂಜಿ, 70 ಪೈಸೆಗೆ ಹಂಪಿಯ ಕಲ್ಲಿನ ರಥ ಇದ್ದ ಸರಣಿ ಅದು. ಅದರಲ್ಲಿ 15 ಪೈಸೆಯ ಹಸಿರು ಚೀಟಿ ಚಹಾ ಎಲೆ ಕೀಳುವ ಹೆಂಗಸಿನದು. ಅದೇ ಸರಣಿಯ 4 ಪೈಸೆಯ ಚೀಟಿ ಕಾಫಿಗೆ ಮೀಸಲು. ಚಹಾಕ್ಕೆ ಎಲೆ ಕೀಳುವವಳಿದ್ದಾಳೆ, ಕಾಫಿಗೆ ಬರಿಯ ಹಣ್ಣುಗಳಿವೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಗೊಂಚಲಿನಿಂದ ಹಣ್ಣು ಬಿಡಿಸುವ ಕೈಗಳು ಚೀಟಿಯ ಅಂಚಿನ ಆಚೆಗೇ ಉಳಿದವು. ಚಹಾದವಳಾದರೂ ಹೆಚ್ಚು ಅದೃಷ್ಟವಂತಳೇನಲ್ಲ. ಬೆನ್ನಿನ ಬುಟ್ಟಿಯ ತೂಕ, ತೋಟದ ಲೈನ್ ಮನೆ, ಜಿಗಣೆ, ಮಳೆ ಇವು ಯಾವುವೂ ಚೀಟಿಗೆ ಬರುವಂಥವಲ್ಲ. ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ ಬಂದದ್ದು 1976ರಲ್ಲಿ. ಅಷ್ಟು ಹೊತ್ತಿಗೆ ಆಕೆಯ ಚೀಟಿ ಹುಟ್ಟಿ ಹತ್ತು ವರ್ಷ ದಾಟಿತ್ತು.

ಇದೇ ಸರಣಿಯ ಒಂದು ರೂಪಾಯಿಯ ಚೀಟಿ ಇನ್ನೂ ಕುತೂಹಲಕರ. 1966ರಲ್ಲಿ ಬಂದ ಅದರಲ್ಲಿ ಮಧ್ಯಯುಗದ ಶಿಲ್ಪವೊಂದಿದೆ: ಪತ್ರ ಬರೆಯುತ್ತಿರುವ ಹೆಣ್ಣು. ಅಂಚೆ ಇಲಾಖೆಗೆ ಇದಕ್ಕಿಂತ ಹೊಂದುವ ಚಿತ್ರ ಯಾವುದಿದ್ದೀತು? ಆದರೆ ಪತ್ರ ಬರೆಯುವ ಹೆಣ್ಣನ್ನು ಹುಡುಕಿಕೊಂಡು ಇಲಾಖೆ ಕೆಲವು ಶತಮಾನ ಹಿಂದಕ್ಕೆ, ಕಲ್ಲಿನವರೆಗೆ ಹೋಗಬೇಕಾಯಿತು. 1951ರ ಜನಗಣತಿಯ ಪ್ರಕಾರ ಭಾರತದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 8.86 ಮಂದಿ. ಹಳ್ಳಿಗಳ ಲೆಕ್ಕ ಮಾತ್ರ ತೆಗೆದರೆ ಇನ್ನೂ ಕಡಿಮೆ. ಚರಕದವಳಾಗಲಿ, ಮಗ್ಗದವಳಾಗಲಿ, ಎಲೆ ಕೀಳುವವಳಾಗಲಿ ತನ್ನ ಚಿತ್ರವಿರುವ ಚೀಟಿಯನ್ನು ಅಂಟಿಸಿ ಸ್ವತಃ ಕಾಗದ ಬರೆದಿರುವ ಸಂಭವ ತೀರಾ ಕಡಿಮೆ. 1957ರ ಮಕ್ಕಳ ದಿನಾಚರಣೆಗೆ ಬಂದ ಮೂರು ಚೀಟಿಗಳಲ್ಲಿ ಒಂದು, ಸ್ಲೇಟಿನ ಮೇಲೆ ಬರೆಯುತ್ತಿರುವ ಹುಡುಗಿಯದು ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಆಗಿನ ಸ್ಥಿತಿಗಿಂತ ಹೆಚ್ಚಾಗಿ ಆಗಿನ ಆಸೆ.

ಹಾಗಾದರೆ ಹಳ್ಳಿಯ ಹೆಣ್ಣಿಗೂ ಅಂಚೆಗೂ ನಂಟೇ ಇರಲಿಲ್ಲವೇ? ಇತ್ತು, ಬಹಳ ಗಟ್ಟಿಯಾದ ನಂಟು. ಅದು ಚೀಟಿಯ ಮೂಲಕವಲ್ಲ, ಮನಿಯಾರ್ಡರ್ ಮೂಲಕ. 1880ರಲ್ಲಿ ಅಂಚೆ ಕಚೇರಿಗಳು ವಹಿಸಿಕೊಂಡ ಈ ಸೇವೆಯಿಂದ ದುಡಿಯಲು ಮುಂಬಯಿಗೆ ಹೋದ ಗಂಡ, ಸೈನ್ಯ ಸೇರಿದ ಮಗ, ಹೋಟೆಲಿನಲ್ಲಿದ್ದ ತಮ್ಮ ಕಳಿಸಿದ ಹಣ ಅಂಚೆಯಣ್ಣನ ಚೀಲದಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಫಾರಮ್ಮಿನ ಅಡಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗ. ಅದನ್ನು ಓದಿ ಹೇಳುವವನು ಅಂಚೆಯಣ್ಣನೇ. ಹಣ ಪಡೆದವಳು ಹೆಬ್ಬೆಟ್ಟು ಒತ್ತಬೇಕು, ಪಕ್ಕದಲ್ಲಿ ಓದು ಬಲ್ಲ ಇನ್ನೊಬ್ಬರು ಸಾಕ್ಷಿಯ ಸಹಿ ಹಾಕಬೇಕು. ಮುಂದೆ ವೃದ್ಧಾಪ್ಯ ವೇತನ, ವಿಧವಾ ವೇತನಗಳೂ ಇದೇ ದಾರಿಯಲ್ಲಿ ಬಂದವು. ಇಲಾಖೆಯ ಕಾಗದಪತ್ರಗಳಲ್ಲಿ ಆಕೆಯ ಹೆಸರು ಇತ್ತು, ಇಂಥವರ ಹೆಂಡತಿ, ಇಂಥವರ ತಾಯಿ ಎಂಬ ವಿವರದೊಂದಿಗೆ. ಅದೇ ಇಲಾಖೆಯ ಚೀಟಿಗೆ ಮಾತ್ರ ಆ ಹೆಸರು ಬೇಕಾಗಿರಲಿಲ್ಲ. ಹಳೆಯ ಕ್ರಮದ ಈ ಮನಿಯಾರ್ಡರ್ ಸೇವೆ 2015ರಲ್ಲಿ ನಿಂತಿತು.

ಎಪ್ಪತ್ತರ ದಶಕದ ಕೊನೆಗೆ ಮತ್ತೆ ಹೊಸ ಸರಣಿ ಬಂತು. ಈ ಸಲ ಕೃಷಿ ಮುಖ್ಯ. 10 ಪೈಸೆಗೆ ನೀರಾವರಿ, 30 ಪೈಸೆಗೆ ಮೆಕ್ಕೆಜೋಳದ ಕೊಯ್ಲು, 50 ಪೈಸೆಗೆ ಹೈನುಗಾರಿಕೆ, 2 ರೂಪಾಯಿಗೆ ನೇಯ್ಗೆ. ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ 1978ರ ಗಾಂಧಿ ಜಯಂತಿಯಂದು ಆರಂಭವಾಗಿದ್ದರಿಂದ 2 ಪೈಸೆಯ ಚೀಟಿಗೆ ವಯಸ್ಕರ ಶಿಕ್ಷಣದ ತರಗತಿ ಬಂತು. ಅತಿ ಕಡಿಮೆ ಬೆಲೆಯ ಚೀಟಿಗೆ ಅಕ್ಷರ ಕಲಿಕೆಯ ಚಿತ್ರ ಬಿದ್ದದ್ದು ಆಕಸ್ಮಿಕವೇ ಇರಬಹುದು.

ಇದೇ ಹೊತ್ತಿಗೆ, 1980ರ ಡಿಸೆಂಬರ್ 30ರಂದು, ನಾಲ್ಕು ಹೊಸ ಸ್ಮಾರಕ ಚೀಟಿಗಳು ಹೊರಬಂದವು. ತಮಿಳುನಾಡು, ರಾಜಸ್ಥಾನ, ಕಾಶ್ಮೀರ ಮತ್ತು ಬಂಗಾಳದ ವಧುಗಳು, ತಂತಮ್ಮ ಪ್ರಾಂತ್ಯದ ಸಾಂಪ್ರದಾಯಿಕ ಉಡುಗೆಯಲ್ಲಿ. ಪ್ರತಿಯೊಂದಕ್ಕೂ ಬೆಲೆ ಒಂದು ರೂಪಾಯಿ. ಚೀಟಿ ಸಂಗ್ರಹಿಸುವವರು ಇವತ್ತಿಗೂ ಆಸೆಯಿಂದ ಹುಡುಕುವ ಸರಣಿ ಇದು. ಬಂಗಾಳದ ವಧುವೆಂದರೆ ಬೆಂಡಿನಿಂದ ಮಾಡಿದ ಬಿಳಿಯ ಮುಕುಟ, ರಾಜಸ್ಥಾನದವಳೆಂದರೆ ಬೈತಲೆಯ ಮೇಲೆ ಬೋರ್ಲಾ, ತಮಿಳು ವಧುವೆಂದರೆ ಜರಿ ಸೀರೆ ಮತ್ತು ಹೂಮುಡಿದ ಜಡೆ. ಈ ವೈವಿಧ್ಯ ಯಾರ ಕಣ್ಣನ್ನಾದರೂ ಸೆಳೆಯುವಂಥದೇ. ಕನ್ನಡದ ಮದುವಣಗಿತ್ತಿ ಇದರಲ್ಲಿಲ್ಲ. ಹಿಂದಕ್ಕೆ ನೆರಿಗೆ ಹಿಡಿದ ಕೊಡಗಿನ ಸೀರೆಗಾಗಲಿ, ಇಳಕಲ್ಲಿನ ಟೋಪಿ ತೆನೆಯ ಸೆರಗಿಗಾಗಲಿ, ಬಾಸಿಂಗಕ್ಕಾಗಲಿ ನಾಲ್ಕೇ ಚೀಟಿಯಲ್ಲಿ ಜಾಗ ಎಲ್ಲಿಂದ ತರುವುದು ಎಂದು ಸಮಾಧಾನ ಹೇಳಿಕೊಳ್ಳಬಹುದು.

ಈ ವಧುಗಳು ಹಳ್ಳಿಯವರೇ, ಪೇಟೆಯವರೇ ಎಂದು ಚೀಟಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಅದಕ್ಕೆ ಬೇಕಾದದ್ದು ಉಡುಗೆ. ಆದರೆ ಮದುವೆಯ ಉಡುಗೆ ಎನ್ನುವುದು ಬಾಳಿನಲ್ಲಿ ಒಂದು ದಿನದ್ದು. ಮರುವಾರ ಅದನ್ನು ಮಡಚಿ ಪೆಟ್ಟಿಗೆಗೆ ಹಾಕಿ, ಹಳೆಯ ಸೀರೆಯನ್ನು ಎತ್ತಿಕಟ್ಟಿ ಗದ್ದೆಗೆ ಇಳಿದವಳ ಚಿತ್ರ ಬೇಕಿದ್ದರೆ ಅದೇ ವರ್ಷಗಳ ಪೈಸೆ ಲೆಕ್ಕದ ಚೀಟಿಗಳ ಕಡೆ ಹೋಗಬೇಕು. ಊರಿಂದೂರಿಗೆ ಹೋಗುವ ಸಾಮಾನ್ಯ ಲಕೋಟೆಗೆ ಆಗ ಒಂದು ರೂಪಾಯಿಯ ಚೀಟಿ ಬೇಕಿರಲಿಲ್ಲ. ಆದ್ದರಿಂದ ವಧುಗಳು ಹೆಚ್ಚಾಗಿ ಸೇರಿದ್ದು ಸಂಗ್ರಾಹಕರ ಆಲ್ಬಮ್ಮುಗಳನ್ನು, ವಿದೇಶದ ವಿಳಾಸಗಳನ್ನು. ಠಸ್ಸೆಯ ಕಪ್ಪು ಮಸಿ ತಿಂದು ಊರೂರು ಸುತ್ತಿದ್ದು ಜೋಳ ಕೊಯ್ಯುವ ಚೀಟಿ, ಹಾಲಿನ ಚೀಟಿ.

ಐದು ತಿಂಗಳ ಅನಂತರ, 1981ರ ಮೇ 30ರಂದು, ‘ಭಾರತದ ಬುಡಕಟ್ಟುಗಳು’ ಎಂಬ ಮತ್ತೊಂದು ನಾಲ್ಕರ ಸರಣಿ ಬಂತು. ಭಿಲ್, ದಂಡಾಮಿ ಮಾರಿಯಾ, ನೀಲಗಿರಿಯ ತೋಡ, ನಾಗಾಲ್ಯಾಂಡಿನ ಖಿಯಾಮ್ನಿಯುಂಗನ್. ಇವಕ್ಕೂ ಒಂದೊಂದು ರೂಪಾಯಿ. ವಧುವಿಗೆ ಪ್ರಾಂತ್ಯದ ಹೆಸರಾದರೆ ಇಲ್ಲಿ ಬುಡಕಟ್ಟಿನ ಹೆಸರು. ಗುಂಡ್ಲುಪೇಟೆಯ ಆಚೆ ನೀಲಗಿರಿ ಹತ್ತಿದರೆ ಸಿಗುವ ತೋಡರು ಬಹಳ ಕಡಿಮೆ ಜನ. ಬಿಳಿಯ ದಪ್ಪ ಬಟ್ಟೆಯ ಮೇಲೆ ಅವರ ಹೆಂಗಸರು ಕೆಂಪು, ಕಪ್ಪು ದಾರದಿಂದ ಕಸೂತಿ ಹಾಕಿದ ಪುತ್ತುಕುಳಿ ಎಂಬ ಹೊದಿಕೆಯೇ ಅವರ ಗುರುತು. ಎಳೆ ಎಣಿಸಿ ಹಾಕುವ ಕಸೂತಿ, ನಮ್ಮ ಧಾರವಾಡದ ಕಡೆಯ ಕಸೂತಿಯ ಹಾಗೆ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಂಥ ಸಣ್ಣ ಜನಾಂಗದಲ್ಲಿ ಎಲ್ಲರಿಗೂ ಎಲ್ಲರ ಹೆಸರು ಗೊತ್ತಿರುತ್ತದೆ. ದೇಶಕ್ಕೆ ಮಾತ್ರ ‘ತೋಡ’ ಎಂದರೆ ಸಾಕಾಯಿತು.

ಹೀಗೆ ಉಡುಗೆ ತೊಟ್ಟ ಹೆಣ್ಣನ್ನು ಚೀಟಿಗೆ ಏರಿಸುವುದು ಭಾರತದ ಕಂಡುಹಿಡಿಕೆಯೇನಲ್ಲ. ಸಲಾಜಾರ್ ಆಳುತ್ತಿದ್ದ ಪೋರ್ಚುಗಲ್ 1941ರಲ್ಲೇ ಪ್ರಾಂತೀಯ ಉಡುಗೆಗಳ ಸರಣಿ ತಂದಿತ್ತು. ಮೀನು ಮಾರುವವಳು, ನೂಲುವವಳು, ಪೈರು ಕೊಯ್ಯುವವಳು ಅದರಲ್ಲಿದ್ದರು. ಎಲ್ಲರನ್ನೂ ಮೀರಿಸಿದ್ದು ಫ್ರಾಂಕೋನ ಸ್ಪೇನ್. 1967ರಿಂದ 1971ರವರೆಗೆ ತಿಂಗಳಿಗೊಂದರಂತೆ, ಪ್ರಾಂತ್ಯಕ್ಕೊಂದರಂತೆ 53 ಚೀಟಿಗಳು, ಎಲ್ಲದರಲ್ಲೂ ಸಾಂಪ್ರದಾಯಿಕ ಉಡುಗೆಯ ಹೆಣ್ಣು. ಆ ಆಡಳಿತ ಪಕ್ಷದ ಮಹಿಳಾ ವಿಭಾಗವೇ ಹಳ್ಳಿಹಳ್ಳಿ ಸುತ್ತಿ ಜನಪದ ಕುಣಿತ, ಉಡುಗೆಗಳನ್ನು ಕಲೆಹಾಕಿ ಪ್ರದರ್ಶನ ಏರ್ಪಡಿಸುತ್ತಿತ್ತು. ಕತಲಾನ್, ಬಾಸ್ಕ್ ಭಾಷೆಗಳನ್ನು ಶಾಲೆಯಿಂದ, ಕಚೇರಿಯಿಂದ ಹೊರಗಿಟ್ಟ ಸರ್ಕಾರಕ್ಕೆ ಅದೇ ಪ್ರಾಂತ್ಯಗಳ ಲಂಗ, ಶಾಲುಗಳಿಂದ ತೊಂದರೆಯಿರಲಿಲ್ಲ. ಲಂಗ ಮಾತಾಡುವುದಿಲ್ಲವಲ್ಲ! ಆ ಚೀಟಿಗಳು ಹಂಚಿಹೋಗುತ್ತಿದ್ದಾಗ ಸ್ಪೇನಿನಲ್ಲಿ ಮದುವೆಯಾದ ಹೆಂಗಸು ಕೆಲಸಕ್ಕೆ ಸೇರಲು, ಬ್ಯಾಂಕಿನಲ್ಲಿ ಖಾತೆ ತೆರೆಯಲು ಗಂಡನ ಅನುಮತಿ ಬೇಕಿತ್ತು. ಆ ಕಾನೂನು ಹೋದದ್ದು 1975ರಲ್ಲಿ.

ಭಾರತವನ್ನು ಸ್ಪೇನಿನ ಸಾಲಿಗೆ ಸೇರಿಸುವುದು ಸರಿಯಲ್ಲ. ಇಲ್ಲಿ ಚೀಟಿಗೇರಿದ ಹೆಣ್ಣಿಗೆ ಮೊದಲ ಚುನಾವಣೆಯಿಂದಲೇ ಓಟಿತ್ತು. ಆದರೆ ಆ ಮೊದಲ ಚುನಾವಣೆಯ ಒಂದು ಸಂಗತಿ ಇಲ್ಲಿ ನೆನಪಾಗದೆ ಇರದು. ಮತದಾರರ ಪಟ್ಟಿ ಬರೆಯಲು ಹೋದವರಿಗೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೇ ಹೇಳಿದರು. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸುವುದಿಲ್ಲವೆಂದು ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರ ಹೆಸರು ಆ ಬಾರಿ ಪಟ್ಟಿಯಿಂದ ಬಿಟ್ಟುಹೋಯಿತು. ಮುಂದಿನ ಚುನಾವಣೆಯ ಹೊತ್ತಿಗೆ ಬಹುಪಾಲು ಹೆಂಗಸರು ಹೆಸರು ಬರೆಸಿದ್ದರು. ಚುನಾವಣಾ ಆಯೋಗ ಹೆಸರು ಬೇಕೆಂದಿತು, ಅಂಚೆ ಇಲಾಖೆಗೆ ಅದಿಲ್ಲದೆಯೂ ನಡೆಯಿತು.

ಹೆಸರು ಪಡೆದವರು ಯಾರು? 1857ರ ದಂಗೆಯ ಶತಮಾನೋತ್ಸವಕ್ಕೆ, 1957ರ ಆಗಸ್ಟ್ 15ರಂದು, ಝಾನ್ಸಿ ರಾಣಿಯ ಚೀಟಿ ಬಂತು. 1964ರಲ್ಲಿ ಕಸ್ತೂರಬಾ ಮತ್ತು ಸರೋಜಿನಿ ನಾಯ್ಡು. 1977ರಲ್ಲಿ ಕಿತ್ತೂರು ಚೆನ್ನಮ್ಮ. ಕನ್ನಡಿಗರು ಸಂಭ್ರಮಿಸಿದ ಚೀಟಿ. 1988ರಲ್ಲಿ ರಾಮಗಢದ ರಾಣಿ ಅವಂತಿಬಾಯಿ. ಇವರೆಲ್ಲ ಅರ್ಹರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಂಹಾಸನವೋ ಪ್ರಸಿದ್ಧ ಮನೆತನವೋ ಇಲ್ಲದ ಹಳ್ಳಿಯವಳು ಚಿತ್ರದ ಜೊತೆ ಹೆಸರನ್ನೂ ಪಡೆದು ಬರಲು ತೊಂಬತ್ತರ ದಶಕ ಬರಬೇಕಾಯಿತು.

1996ರಲ್ಲಿ ಬಂದವಳು ಗೈದಿನ್ಲ್ಯೂ. ಮೇಲೆ ಹೇಳಿದ ನಾಗಾ ಹೆಣ್ಣು ಈಕೆಯೇ. ಮಣಿಪುರದ ನುಂಗ್ಕಾವೊ ಎಂಬ ಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಈ ರೊಂಗ್ಮೈ ಹುಡುಗಿ ಹದಿಮೂರರ ಪ್ರಾಯದಲ್ಲಿ ಸೋದರ ಸಂಬಂಧಿ ಜಾದೋನಾಂಗನ ಚಳವಳಿಗೆ ಸೇರಿದಳು. ತೆರಿಗೆ ಕೊಡಬೇಡಿ, ಬಿಟ್ಟಿ ದುಡಿಯಬೇಡಿ ಎನ್ನುವ ಚಳವಳಿ ಅದು. 1931ರಲ್ಲಿ ಬ್ರಿಟಿಷರು ಜಾದೋನಾಂಗನನ್ನು ಗಲ್ಲಿಗೇರಿಸಿದ ಮೇಲೆ ಹೊಣೆ ಈಕೆಯ ಹೆಗಲಿಗೆ ಬಂತು. ಮರುವರ್ಷ ಸೆರೆಸಿಕ್ಕಾಗ ಇನ್ನೂ ಹದಿನೇಳು. ಜೀವಾವಧಿ ಶಿಕ್ಷೆ. 1937ರಲ್ಲಿ ಶಿಲ್ಲಾಂಗಿನ ಜೈಲಿನಲ್ಲಿ ಕಂಡ ನೆಹರೂ ಆಕೆಯನ್ನು ರಾಣಿ ಎಂದು ಕರೆದರು. ಯಾವ ರಾಜ್ಯವೂ ಇಲ್ಲದ ಆಕೆಗೆ ಆ ಬಿರುದು ಅಂಟಿಕೊಂಡಿತು. ಬಿಡುಗಡೆ 1947ರಲ್ಲಿ. 1955ರಲ್ಲಿ ನಾಗಾ ನೇಯ್ಗೆಯ ಚೀಟಿ ಬಂದಾಗ ಆಕೆಗೆ ನಲವತ್ತು ವರ್ಷ. ಬದುಕಿರುವವರ ಚೀಟಿ ತರುವ ರೂಢಿಯಿಲ್ಲ ಎನ್ನಬಹುದು. ಆದರೆ 1958ರಲ್ಲಿ ಮಹರ್ಷಿ ಕರ್ವೆಯವರಿಗೂ 1960ರಲ್ಲಿ ನಮ್ಮ ವಿಶ್ವೇಶ್ವರಯ್ಯನವರಿಗೂ ನೂರು ತುಂಬಿದ ಸಂದರ್ಭದಲ್ಲಿ, ಅವರಿರುವಾಗಲೇ ಚೀಟಿ ಬಂದಿತ್ತು. ಗೈದಿನ್ಲ್ಯೂ ತೀರಿಕೊಂಡದ್ದು 1993ರ ಫೆಬ್ರವರಿಯಲ್ಲಿ. 1955ರಲ್ಲಿ ಹೆಸರಿಲ್ಲದ ನೇಯುವವಳು, 1981ರಲ್ಲಿ ಬುಡಕಟ್ಟಿನ ಹೆಸರು, 1996ರಲ್ಲಿ ಗೈದಿನ್ಲ್ಯೂ. ಮೂರು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ನಡೆದು ಬಂದ ದೂರ ಕಾಣುತ್ತದೆ.

ಎರಡು ವರ್ಷಗಳ ಅನಂತರ, 1998ರ ಮಾರ್ಚ್ 10ರಂದು, ಸಾವಿತ್ರಿಬಾಯಿ ಫುಲೆ. ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯ ಹುಡುಗಿ, ಮದುವೆಯಾದ ಮೇಲೆ ಗಂಡನಿಂದ ಅಕ್ಷರ ಕಲಿತು 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆಗೆ ಕಲಿಸಲು ನಿಂತವಳು. ಕಲ್ಲಿನ ಪತ್ರಲೇಖಕಿಗಿಂತ ಅಂಚೆಚೀಟಿಗೆ ಆಕೆಯ ಹಕ್ಕು ಹೆಚ್ಚು ಎಂದರೆ ತಪ್ಪಾಗಲಾರದು.

ಇನ್ನು ಝಲ್ಕಾರಿಬಾಯಿ. ಝಾನ್ಸಿ ಬಳಿಯ ಭೋಜಲಾ ಗ್ರಾಮದ, ನೇಯುವ ಕೋಲಿ ಸಮುದಾಯದ ಹೆಣ್ಣು. ರಾಣಿ ಲಕ್ಷ್ಮೀಬಾಯಿಯ ಮಹಿಳಾ ದಳದಲ್ಲಿದ್ದ ಆಕೆಗೆ ರಾಣಿಯದೇ ಚಹರೆ. 1858ರಲ್ಲಿ ಇಂಗ್ಲಿಷರು ಕೋಟೆ ಮುತ್ತಿದಾಗ ರಾಣಿಯ ಉಡುಗೆ ತೊಟ್ಟು ತಾನೇ ರಾಣಿಯೆಂದು ಶತ್ರುವಿನ ಎದುರು ಹೋಗಿ, ನಿಜವಾದ ರಾಣಿ ಪಾರಾಗಲು ಹೊತ್ತು ಕೊಡಿಸಿದಳೆಂದು ಬುಂದೇಲಖಂಡದ ಜನ ಹೇಳುತ್ತ ಬಂದಿದ್ದಾರೆ. ಆಕೆಯ ಕೊನೆಯ ಬಗ್ಗೆ ಒಂದೇ ಮಾತಿಲ್ಲ; ಅಂದೇ ಸತ್ತಳೆನ್ನುವವರೂ ಬಹುಕಾಲ ಬದುಕಿದಳೆನ್ನುವವರೂ ಇದ್ದಾರೆ. ಪುಸ್ತಕದ ಇತಿಹಾಸ ಆಕೆಯನ್ನು ಬಹಳ ಕಾಲ ಗಮನಿಸಲಿಲ್ಲ. ನೆನಪನ್ನು ಕಾಪಾಡಿದ್ದು ಆಕೆಯ ಸಮುದಾಯ, ಹಾಡುಗಳಲ್ಲಿ, ಜಯಂತಿಗಳಲ್ಲಿ. ರಾಣಿಯ ಉಡುಗೆ ತೊಟ್ಟ ಈ ಹಳ್ಳಿಯ ಹೆಣ್ಣಿಗೆ ಅಂಚೆಚೀಟಿ ಬಂದದ್ದು 2001ರ ಜುಲೈ 22ರಂದು. ರಾಣಿಗೆ ಬಂದು 44 ವರ್ಷ ಕಳೆದಿತ್ತು.

ಇಷ್ಟು ತಡವಾಗುವುದರಲ್ಲಿ ಚೀಟಿ ಆರಿಸುವ ಕ್ರಮದ ಪಾಲೂ ಇದೆ. ಸ್ಮಾರಕ ಚೀಟಿಗೆ ಯಾರು ಬೇಕಾದರೂ ಪ್ರಸ್ತಾವ ಕಳಿಸಬಹುದು. ಅಂಚೆಚೀಟಿ ಸಲಹಾ ಸಮಿತಿ ಅದನ್ನು ಪರಿಶೀಲಿಸುತ್ತದೆ. ವ್ಯಕ್ತಿಯಾದರೆ ತೀರಿಕೊಂಡು ಸಾಮಾನ್ಯವಾಗಿ ಹತ್ತು ವರ್ಷ ಕಳೆದಿರಬೇಕು. ಗೈದಿನ್ಲ್ಯೂಗೆ ಆದಂತೆ ವಿನಾಯಿತಿ ಉಂಟು. ಹುಟ್ಟಿದ ದಿನ, ಶತಮಾನೋತ್ಸವ, ಭಾವಚಿತ್ರ, ಬರಹದ ಆಧಾರ, ಬೆನ್ನಿಗೊಂದು ಸಂಘಟನೆ ಇದ್ದವರ ಕಡತ ಮುಂದೆ ಸಾಗುವುದು ಸುಲಭ. ಹುಟ್ಟಿದ ದಿನವೇ ಗೊತ್ತಿಲ್ಲದ, ಫೋಟೋ ಇಲ್ಲದ, ಬರೆದಿಟ್ಟವರಿಲ್ಲದ ಹಳ್ಳಿಯ ಹೆಂಗಸಿನ ಶತಮಾನೋತ್ಸವ ಯಾವ ವರ್ಷ ಆಚರಿಸುವುದು? ಹೆಸರಿಲ್ಲದ ಚಿತ್ರಕ್ಕೆ ಈ ತೊಡಕು ಯಾವುದೂ ಇಲ್ಲ. ಅದಕ್ಕೆ ಜಯಂತಿ ಬೇಡ, ವಂಶಸ್ಥರ ಒಪ್ಪಿಗೆ ಬೇಡ, ವಿವಾದವೂ ಹುಟ್ಟದು.

ಹೆಸರಿನ ಕಡೆಗೆ ವಾಲಿದ್ದರಿಂದ ಇನ್ನೊಂದು ಪರಿಣಾಮವೂ ಆಯಿತು. 2015ರಿಂದ ಬಂದ ‘ಭಾರತದ ನಿರ್ಮಾತೃಗಳು’ ಎಂಬ ನಿತ್ಯಬಳಕೆಯ ಸರಣಿ ಪೂರ್ತಿ ವ್ಯಕ್ತಿಚಿತ್ರಗಳದು. ಮದರ್ ತೆರೇಸಾ, ಎಂ.ಎಸ್. ಸುಬ್ಬುಲಕ್ಷ್ಮಿ ಇದ್ದಾರೆ, ನಮ್ಮ ಗದಗಿನ ಭೀಮಸೇನ ಜೋಶಿ ಇದ್ದಾರೆ. ಎಲ್ಲರಿಗೂ ಹೆಸರಿದೆ. ನೂಲುವವಳು, ಎಲೆ ಕೀಳುವವಳು, ಹಾಲು ಕರೆಯುವವಳು ಆ ಸರಣಿಯಲ್ಲಿಲ್ಲ. ಹೆಸರಿಲ್ಲದೆಯಾದರೂ ಸಿಕ್ಕಿದ್ದ ಜಾಗ ಹೆಸರುಳ್ಳವರಿಗೆ ಹೋಯಿತು.

ಉಡುಗೆಯೂ ಹೆಸರೂ ಒಟ್ಟಿಗೆ ಸಿಕ್ಕ ನಿದರ್ಶನಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಒಕ್ಕಲಿಗ ಹೆಂಗಸರು ಕತ್ತಿನ ತುಂಬ ಮಣಿಸರ ಪೇರಿಸಿ, ರವಿಕೆಯಿಲ್ಲದೆ ಭುಜಕ್ಕೆ ಗಂಟು ಹಾಕಿ ಸೀರೆ ಉಡುತ್ತಾರೆ. ಅವರಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಜಾನಪದ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಬಂತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ದುಡಿದು, ಸಾವಿರಾರು ಸಸಿ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಅದೇ ಉಡುಗೆಯಲ್ಲಿ, ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದರು. ಮರುದಿನದ ಪತ್ರಿಕೆಗಳಲ್ಲಿ ಆ ಚಿತ್ರದ ಕೆಳಗೆ ‘ಹಾಲಕ್ಕಿ ಮಹಿಳೆ’ ಎಂದಷ್ಟೇ ಇರಲಿಲ್ಲ, ತುಳಸಿ ಗೌಡ ಎಂದಿತ್ತು. ತುಳಸಿಯವರು 2024ರ ಡಿಸೆಂಬರ್ 16ರಂದು, ಸುಕ್ರಿಯವರು 2025ರ ಫೆಬ್ರವರಿ 13ರಂದು ತೀರಿಕೊಂಡರು. ಹತ್ತು ವರ್ಷದ ನಿಯಮದ ಲೆಕ್ಕ ಹಿಡಿದರೆ ಇವರ ಹೆಸರಿನ ಪ್ರಸ್ತಾವವನ್ನು ಸಮಿತಿ ಕೈಗೆತ್ತಿಕೊಳ್ಳಬಹುದಾದ ಕಾಲ ಬರುವುದು 2034ರ ಕೊನೆಗೆ, 2035ರ ಆರಂಭಕ್ಕೆ. ಇವರಿಬ್ಬರ ಫೋಟೋಗಳಿಗೆ, ಬರಹದ ಆಧಾರಗಳಿಗೆ ಕೊರತೆಯಿಲ್ಲ. ಅರ್ಜಿಯನ್ನು ಮಾತ್ರ ಯಾರಾದರೂ ಬರೆದು ಕಳಿಸಬೇಕು.